ಗೇಣುದ್ದದ ಸೀಳು

ಮೊದಲ ಸಲ ಪೆನ್ಸಿಲ್ ಸ್ಕರ್ಟ್ ಹಾಕಿಕೊಂಡು ಆಫೀಸಿಗೆ ಹೊರಟ ದಿನ ನನಗೆ ಬಸ್ಸು ಹತ್ತಲು ಆಗಲಿಲ್ಲ. ಬಸ್ಸು ಬಂತು, ನಿಂತಿತು, 'ಬೇಗ ಹತ್ತಮ್ಮಾ' ಎಂದರು ಕಂಡಕ್ಟರ್. ಕಾಲೆತ್ತಿದೆ. ಕಾಲು ಮೆಟ್ಟಿಲಿಗಿಂತ ಒಂದು ಗೇಣು ಕೆಳಗೇ ನಿಂತುಬಿಟ್ಟಿತು. ಇನ್ನೊಮ್ಮೆ ಎತ್ತಿದೆ. ಎಲ್ಲೋ ಹೊಲಿಗೆ 'ಟಿರ್' ಎಂದಿತು. ನಾನು ಹಿಂದೆ ಸರಿದೆ, ಬಸ್ಸು ಮುಂದೆ ಹೋಯಿತು. ಕೊನೆಗೆ ಆಟೊ ಹಿಡಿದು, ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಜೋಡಿಸಿ ಗೊಂಬೆಯ ಹಾಗೆ ಒಳಗೆಳೆದುಕೊಂಡೆ. ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಯೊಂದರ ರಾಶಿಯಲ್ಲಿ ಕೆದಕಿ ತೆಗೆದ ಬೂದುಬಣ್ಣದ ಸ್ಕರ್ಟ್ ಅದು. ಇಂಗ್ಲಿಷ್ ಸಿನಿಮಾಗಳಲ್ಲಿ ಹೆಂಗಸರು ಇದನ್ನು ತೊಟ್ಟು ಟಕಟಕ ಓಡಾಡುತ್ತಾರಲ್ಲ, ಅವರ ಕಾಲಿಗೆ ಇರುವುದು ನನ್ನ ಕಾಲಿಗೆ ಏನಿಲ್ಲ ಅನ್ನುವುದೇ ದಾರಿಯುದ್ದಕ್ಕೂ ಯೋಚನೆ.

ಉತ್ತರ ಸಿಕ್ಕಿದ್ದು ಆಫೀಸಿನ ಬಾತ್‌ರೂಮಿನಲ್ಲಿ. ಅಲ್ಲಿ ನೆಲ ಒರೆಸುತ್ತಿದ್ದ ಅಕ್ಕ ನನ್ನನ್ನು ಹಿಂದಿನಿಂದ ನೋಡಿ ನಕ್ಕರು. 'ಮೇಡಂ, ಇದನ್ನ ಬಿಚ್ಚೇ ಇಲ್ವಲ್ಲ' ಎಂದು ಬಗ್ಗಿ ಸ್ಕರ್ಟಿನ ಹಿಂದೆ, ಕೆಳಗಡೆ, ಬಟ್ಟೆಯ ಎರಡು ಮಡಿಕೆಗಳನ್ನು ಹಿಡಿದಿಟ್ಟಿದ್ದ ಗುಣಾಕಾರ ಚಿಹ್ನೆಯಂಥ ಬಿಳಿ ದಾರವನ್ನು ಉಗುರಿನಿಂದ ಮೀಟಿ ಕಿತ್ತರು. ಸ್ಕರ್ಟು ಹಿಂದೆ ಗೇಣುದ್ದ ತೆರೆದುಕೊಂಡಿತು. ಅಂಗಡಿ ತಲುಪುವ ತನಕ ಮಡಿಕೆ ಕದಲದಿರಲಿ ಎಂದು ಹಾಕುವ ಕಚ್ಚಾ ಹೊಲಿಗೆ ಅದು, ಕೊಂಡವರು ಬಿಚ್ಚಿಕೊಳ್ಳಬೇಕು. 'ನಿಮಗೆ ಹೇಗೆ ಗೊತ್ತು?' ಎಂದೆ. 'ಐದು ವರ್ಷ ಗಾರ್ಮೆಂಟ್ಸಲ್ಲಿದ್ದೆ. ದಿನಾ ಇದೇ ಹೊಲಿಗೆ ಹಾಕ್ತಿದ್ದೆ. ಆದ್ರೆ ಈ ಸ್ಕರ್ಟನ್ನ ಯಾರಾದ್ರೂ ಹಾಕ್ಕೊಂಡಿರೋದು ನೋಡ್ತಿರೋದು ಇವತ್ತೇ' ಎಂದರು.

ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಯ ಕಾರ್ಖಾನೆಗಳಿಂದ ಎಷ್ಟು ಸ್ಕರ್ಟುಗಳು ಪೆಟ್ಟಿಗೆ ಸೇರಿ ಹಡಗು ಹತ್ತಿವೆಯೋ! ಹೊಲಿದವರು ಮಾತ್ರ ಸೀರೆ, ಚೂಡಿದಾರದಲ್ಲೇ ಫ್ಯಾಕ್ಟರಿ ವ್ಯಾನು ಹತ್ತಿ ಇಳಿದವರು. ಆ ಅಕ್ಕ ಕಿತ್ತ ದಾರ ನನಗೆ ಕಲಿಸಿದ್ದು ಇಷ್ಟು: ಪೆನ್ಸಿಲ್ ಸ್ಕರ್ಟನ್ನು ನಾವೆಲ್ಲ ಮುಂದಿನಿಂದ ನೋಡುತ್ತೇವೆ, ಆದರೆ ಅದರ ಜೀವ ಇರುವುದು ಹಿಂದೆ.

ಸೊಂಟಕ್ಕೆ ಬಟ್ಟೆ ಸುತ್ತಿಕೊಂಡ ಎಲ್ಲ ಜನರಿಗೂ ಇದ್ದ ತೊಡಕು ಒಂದೇ. ಸುತ್ತಿದರೆ ನಡೆಯಲಾಗದು, ಸಡಿಲ ಬಿಟ್ಟರೆ ನಿಲ್ಲದು. ನಮ್ಮ ಸೀರೆ ಇದಕ್ಕೆ ನೆರಿಗೆಯಲ್ಲಿ ದಾರಿ ಕಂಡುಕೊಂಡಿತು. ಮುಂದೆ ಐದಾರು ಮಡಿಕೆ, ಹೆಜ್ಜೆ ಹಾಕಿದಂತೆ ಬಿಚ್ಚುತ್ತದೆ, ನಿಂತರೆ ಮುಚ್ಚಿಕೊಳ್ಳುತ್ತದೆ. ಕೊಡಗಿನ ಹೆಂಗಸರು ಅದೇ ನೆರಿಗೆಯನ್ನು ಬೆನ್ನ ಹಿಂದಕ್ಕೆ ಒಯ್ದರು. ಗದ್ದೆಯಲ್ಲಿ ಬಗ್ಗಿ ದುಡಿಯುವವರು ಕಚ್ಚೆ ಹಾಕಿದರು. ಲುಂಗಿಯವರಂತೂ ಯಾವ ತಲೆಬಿಸಿಯೂ ಇಲ್ಲದೆ ಅರ್ಧಕ್ಕೆ ಎತ್ತಿ ಕಟ್ಟಿಬಿಟ್ಟರು. ಆರು ಗಜದ ಸೀರೆಯಲ್ಲಿ ಬಟ್ಟೆ ಧಾರಾಳ, ನೆರಿಗೆ ಹಿಡಿಯಬಹುದು. ಪೆನ್ಸಿಲ್ ಸ್ಕರ್ಟಿಗೆ ಸಿಗುವುದು ದೊಡ್ಡ ಪನ್ನದ ಬಟ್ಟೆಯಲ್ಲಿ ಒಂದು ಮೀಟರು. ಅಷ್ಟರಲ್ಲಿ ನೆರಿಗೆಯ ಮಾತೆಲ್ಲಿ? ಹಾಗಾಗಿ ಸೀಳು.

ಈ ಸೀಳಿಲ್ಲದ ಒಂದು ಕಾಲವೂ ಇತ್ತು. 1908ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಲೆ ಮಾನ್ ಹತ್ತಿರ ವಿಲ್ಬರ್ ರೈಟ್ ತನ್ನ ವಿಮಾನದಲ್ಲಿ ಈಡಿತ್ ಬರ್ಗ್ ಎಂಬ ಅಮೆರಿಕದ ಮಹಿಳೆಯನ್ನು ಕೂರಿಸಿಕೊಂಡು ಸುಮಾರು ಎರಡು ನಿಮಿಷ ಹಾರಿದ. ಆಗಿನ ವಿಮಾನಕ್ಕೆ ಗೋಡೆಯಿಲ್ಲ, ಮಾಡಿಲ್ಲ. ಗಾಳಿಗೆ ಲಂಗ ಹಾರದಿರಲಿ ಎಂದು ಆಕೆ ಕಾಲಿನ ಹತ್ತಿರ ಹಗ್ಗ ಕಟ್ಟಿಕೊಂಡಿದ್ದಳು. ಇಳಿದ ಮೇಲೆ ಹಗ್ಗ ಬಿಚ್ಚದೆ ಪುಟ್ಟ ಪುಟ್ಟ ಹೆಜ್ಜೆ ಇಟ್ಟು ನಡೆದದ್ದನ್ನು ಪ್ಯಾರಿಸ್ಸಿನ ವಸ್ತ್ರವಿನ್ಯಾಸಕನೊಬ್ಬ ಕಂಡ, ಅಲ್ಲಿಂದ 'ಹಾಬಲ್ ಸ್ಕರ್ಟ್' ಹುಟ್ಟಿತು ಅಂತ ಕತೆ. ಹಗ್ಗ ಕಟ್ಟಿದ ಫೋಟೊ ಇದೆ, ಕತೆಯ ಉಳಿದ ಭಾಗ ಕತೆಯೇ ಇರಬಹುದು. ಹಾಬಲ್ ಎಂದರೆ ಮೇಯಲು ಬಿಟ್ಟ ಕುದುರೆ ದೂರ ಹೋಗದಂತೆ ಮುಂಗಾಲಿಗೆ ಹಾಕುವ ಕಟ್ಟು. ಹೆಸರು ಇಟ್ಟವರಿಗೆ ನಾಚಿಕೆಯೇನೂ ಇದ್ದಂತಿಲ್ಲ. ಈ ಉಡುಗೆಯನ್ನು ಮೆರೆಸಿದವನು ಪ್ಯಾರಿಸ್ಸಿನ ಪಾಲ್ ಪೊಯರೆ. ಹೆಂಗಸರನ್ನು ಬಿಗಿ ಕಾರ್ಸೆಟ್ಟಿನಿಂದ ಬಿಡಿಸಿದವನೂ ತಾನೇ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. ಎದೆಗೆ ಬಿಡುಗಡೆ ಕೊಟ್ಟೆ, ಕಾಲಿಗೆ ಬೇಡಿ ಹಾಕಿದೆ ಎಂಬ ಅರ್ಥದ ಮಾತನ್ನು ಅವನೇ ಬರೆದುಕೊಂಡಿದ್ದಾನೆ.

ಆ ಸ್ಕರ್ಟು ಪಾದದ ಹತ್ತಿರ ಎಷ್ಟು ಬಿಗಿಯಿತ್ತೆಂದರೆ, ದೊಡ್ಡ ಹೆಜ್ಜೆ ಇಟ್ಟು ಬಟ್ಟೆ ಹರಿಯದಿರಲೆಂದು ಒಳಗೆ ಎರಡೂ ಕಾಲುಗಳನ್ನು ಜೋಡಿಸುವ ಪಟ್ಟಿಯನ್ನೂ ಕೆಲವರು ಹಾಕಿಕೊಳ್ಳುತ್ತಿದ್ದರು. ನ್ಯೂಯಾರ್ಕಿನಲ್ಲಿ 1912ರಲ್ಲಿ ಮೆಟ್ಟಿಲಿಲ್ಲದ ಟ್ರಾಮು ಓಡಿತು, ಜನ ಅದನ್ನು ಹಾಬಲ್ ಸ್ಕರ್ಟಿನ ಟ್ರಾಮು ಎಂದೇ ಕರೆದರು. ಹೆಂಗಸಿನ ಹೆಜ್ಜೆ ಗಿಡ್ಡವಾಯಿತೆಂದು ಟ್ರಾಮೇ ತಗ್ಗಿತು! ನಮ್ಮ ಬಸ್ಸಿನ ಮೆಟ್ಟಿಲು ಮಂಡಿನೋವಿನ ಅಜ್ಜಿಗೂ ತಗ್ಗಲು ದಶಕಗಳೇ ಬೇಕಾದವು.

ಮೊದಲ ಮಹಾಯುದ್ಧದ ಹೊತ್ತಿಗೆ ಹಾಬಲ್ ಸ್ಕರ್ಟಿನ ಕತೆ ಮುಗಿಯಿತು. ದುಡಿಯಲು ಹೊರಟ ಹೆಂಗಸರಿಗೆ ಕಾಲು ಬೇಕಿತ್ತು. ಎರಡನೆಯ ಯುದ್ಧ ಮಾತ್ರ ತಿರುವು ಕೊಟ್ಟಿತು. ಈ ಬಾರಿ ಲಂಗ ಕಿರಿದಾದದ್ದು ಚೆಲುವಿಗಲ್ಲ, ಬಟ್ಟೆಯ ಬರಕ್ಕೆ. ಬ್ರಿಟನ್ನಿನಲ್ಲಿ 1941ರ ಜೂನ್ 1ರಿಂದ ಬಟ್ಟೆಗೆ ಪಡಿತರ ಬಂತು. ಮೊದಲ ವರ್ಷಕ್ಕೆ ಒಬ್ಬರಿಗೆ 66 ಕೂಪನ್ನು. ಎಷ್ಟು ನೆರಿಗೆ, ಎಷ್ಟು ಗುಂಡಿ ಎಂಬುದಕ್ಕೂ ಸರ್ಕಾರದ ಲೆಕ್ಕ. ಮರುವರ್ಷ ಅಮೆರಿಕದಲ್ಲಿ ಎಲ್-85 ಎಂಬ ಆದೇಶ ಸ್ಕರ್ಟಿನ ಉದ್ದವನ್ನೂ ಸುತ್ತಳತೆಯನ್ನೂ ಇಷ್ಟೇ ಎಂದು ಗೊತ್ತುಮಾಡಿತು. ಮೊಣಕಾಲಿನವರೆಗಿನ ನೇರ ಸ್ಕರ್ಟು, ಮೇಲೊಂದು ಕೋಟು: ಆ ಕಾಲದ ಫೋಟೊಗಳಲ್ಲಿ ಎಲ್ಲರದೂ ಇದೇ ವೇಷ. ರೇಷನ್ ಕಾರ್ಡು ಹೊಲಿದ ಉಡುಪು ಎನ್ನಬೇಕು.

ಯುದ್ಧ ಮುಗಿದ ಮೇಲೆ, 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಮೊದಲ ಸಂಗ್ರಹ ತೋರಿಸಿದ. ಲೋಕಕ್ಕೆ ಅದು 'ನ್ಯೂ ಲುಕ್' ಎಂದೇ ಪರಿಚಯ. ಹತ್ತಾರು ಗಜ ಬಟ್ಟೆ ನುಂಗುವ ಹೂವಿನಂಥ ಲಂಗಗಳು ಎಲ್ಲರ ನೆನಪಿನಲ್ಲಿ ಉಳಿದವು. ಅದೇ ಸಂಗ್ರಹದಲ್ಲಿ ಸೊಂಟ ಹಿಡಿದು ಕೆಳಗೆ ಕಿರಿದಾಗಿ ಇಳಿಯುವ ಸ್ಕರ್ಟುಗಳೂ ಇದ್ದವು ಎಂಬುದು ಮರೆತುಹೋಗಿದೆ. 1954ರಲ್ಲಿ ಅವನು 'ಎಚ್ ಲೈನ್' ಎಂದು ನೇರಾನೇರ ಗೆರೆಯ ಉಡುಪುಗಳನ್ನು ತಂದ. ಪೆನ್ಸಿಲ್ ಸ್ಕರ್ಟಿನ ಜನ್ಮಪತ್ರಿಕೆಯಲ್ಲಿ ಸಾಮಾನ್ಯವಾಗಿ ಬರೆಯುವ ಇಸವಿ ಇದೇ. ನನ್ನ ಮಟ್ಟಿಗೆ ಡಿಯೋರ್ ಬಿಟ್ಟುಹೋದ ದೊಡ್ಡ ಆಸ್ತಿ ಆ ಗೆರೆಯಲ್ಲ, ಅವನ ಹೆಸರಿನಲ್ಲೇ ಉಳಿದ ಒಂದು ಪುಟ್ಟ ಜಾಣತನ, ಡಿಯೋರ್ ಪ್ಲೀಟ್. ಬರೀ ಸೀಳು ಬಿಟ್ಟರೆ ನಡೆಯುವಾಗ ಕಾಲು ಕಾಣುತ್ತದೆ. ಒಂದರ ಮೇಲೊಂದು ಮಡಿಕೆ ಬರುವ ಹಾಗೆ ಹೊಲಿದರೆ, ಅದನ್ನು ವೆಂಟ್ ಎನ್ನುತ್ತಾರೆ, ಅರ್ಧ ಮುಚ್ಚುತ್ತದೆ. ಡಿಯೋರ್ ಬಗೆಯಲ್ಲಿ ಸೀಳಿನ ಹಿಂದೆ, ಒಳಗಿನ ಲೈನಿಂಗಿಗೆ ಅದೇ ಬಟ್ಟೆಯ ಬೇರೊಂದು ತುಂಡನ್ನು ಪರದೆಯಂತೆ ಹೊಲಿದಿರುತ್ತಾರೆ. ಹೆಜ್ಜೆ ಇಟ್ಟಾಗ ಸೀಳು ಬಿರಿಯುತ್ತದೆ, ಕಾಣುವುದು ಮತ್ತೆ ಬಟ್ಟೆಯೇ. ಕಾಲಿಗೆ ಬಿಡುವು, ಕಣ್ಣಿಗೆ ಮರ್ಯಾದೆ.

ಮರ್ಯಾದೆಯ ಮಾತು ಬಂತಲ್ಲ, 1953ರ 'ನಯಾಗರಾ' ಸಿನಿಮಾದ ದೃಶ್ಯವೊಂದನ್ನು ಹೇಳಲೇಬೇಕು. ಕೆಂಪು ಮೇಲುಡುಗೆ, ಮೈಗಂಟಿದ ಕಪ್ಪು ಸ್ಕರ್ಟಿನಲ್ಲಿ ಮರಿಲಿನ್ ಮನ್ರೊ ನಮಗೆ ಬೆನ್ನು ಹಾಕಿ ದೂರ ನಡೆದು ಹೋಗುತ್ತಾಳೆ, ಕ್ಯಾಮೆರಾ ಅಲ್ಲಾಡದೆ ನೋಡುತ್ತಲೇ ಇರುತ್ತದೆ. ಅದೇ ಸ್ಕರ್ಟು ಅದೇ ದಶಕದಲ್ಲಿ ಬ್ಯಾಂಕಿನ ಟೈಪಿಸ್ಟಿನ ಮೈಮೇಲೂ ಇತ್ತು, ಶಾಲೆಯ ಮೇಡಮ್ಮಿನ ಮೈಮೇಲೂ ಇತ್ತು. ಮೊಣಕಾಲು ಮುಚ್ಚುತ್ತದೆ, ಆದ್ದರಿಂದ ಮುಖ್ಯೋಪಾಧ್ಯಾಯಿನಿಯೂ ಬೇಡವೆನ್ನಲಾರಳು. ಆಕಾರ ಬಿಡಿಸಿ ತೋರಿಸುತ್ತದೆ, ಆದ್ದರಿಂದ ಹಾಲಿವುಡ್ಡೂ ಬಿಡಲಾರದು. ಇಷ್ಟು ವರ್ಷ ಇದು ಬಾಳಿದ್ದು ಈ ಎರಡು ದೋಣಿಯ ಮೇಲೂ ಕಾಲಿಟ್ಟದ್ದರಿಂದಲೇ.

ಅರವತ್ತರ ದಶಕದಲ್ಲಿ ಮೇರಿ ಕ್ವಾಂಟ್ ಜನಪ್ರಿಯಗೊಳಿಸಿದ ಮಿನಿ ಸ್ಕರ್ಟು ಇದನ್ನು ಅಮ್ಮಂದಿರ ಬೀರುವಿಗೆ ತಳ್ಳಿತು. ಹುಡುಗಿಯರು ಬಸ್ಸು ಹಿಡಿಯಲು ಓಡಬೇಕಿತ್ತು, ಓಡಿದರು. ತಿರುಗಿ ಇದು ಬಂದದ್ದು ಆಫೀಸಿನ ಬಾಗಿಲಿನಿಂದ. 1977ರಲ್ಲಿ ಜಾನ್ ಮಾಲಾಯ್ ಎಂಬಾತ, ಮೇಲಕ್ಕೇರಬೇಕೆನ್ನುವ ಹೆಂಗಸು ಏನು ತೊಡಬೇಕು ಎಂದು ಪುಸ್ತಕವನ್ನೇ ಬರೆದ. ಪ್ಯಾಂಟಲ್ಲ, ಕೋಟಿನ ಜೊತೆ ಸ್ಕರ್ಟು ಎಂಬುದು ಅವನ ತೀರ್ಪು. ಎಂಬತ್ತರ ದಶಕದ 'ಪವರ್ ಡ್ರೆಸಿಂಗ್' ಹೀಗೆ ಹುಟ್ಟಿತು, ಭುಜಕ್ಕೆ ದಿಂಬಿಟ್ಟ ಕೋಟು, ಕೆಳಗೆ ನೇರ ಸ್ಕರ್ಟು. ಮೇಲೆ ಗಂಡಸು, ಕೆಳಗೆ ಹೆಂಗಸು ಎಂಬಂತೆ. 2007ರಲ್ಲಿ ಶುರುವಾದ 'ಮ್ಯಾಡ್ ಮೆನ್' ಧಾರಾವಾಹಿ ಅರವತ್ತರ ನ್ಯೂಯಾರ್ಕಿನ ಜಾಹೀರಾತು ಕಂಪನಿಯೊಂದನ್ನು ಮತ್ತೆ ಕಟ್ಟಿದಾಗ ಅದರ ಜೋನ್ ಪಾತ್ರ ಮೈಗಂಟಿದ ಉಡುಪುಗಳಿಗೆ ಹೊಸ ಹುಚ್ಚು ಹಿಡಿಸಿತು. ವಸ್ತ್ರವಿನ್ಯಾಸಕಿ ಜೇನಿ ಬ್ರಯಂಟ್ ಆ ಪಾತ್ರದ ಕೊರಳಿಗೆ ಸರದಲ್ಲೊಂದು ಚಿನ್ನದ ಬಣ್ಣದ ಪೆನ್ನು ಇಳಿಬಿಟ್ಟಿದ್ದರು. ಸೊಂಟದಲ್ಲಿ ಪೆನ್ಸಿಲ್ಲು, ಕೊರಳಲ್ಲಿ ಪೆನ್ನು, ಆಫೀಸಿನ ಕೀಲಿಯೆಲ್ಲ ಅವಳ ಕೈಯಲ್ಲಿ.

ಆದರೆ ಇಷ್ಟಪಟ್ಟು ತೊಡುವುದೇ ಬೇರೆ, ತೊಡಲೇಬೇಕು ಎನ್ನುವುದೇ ಬೇರೆ. ಬ್ರಿಟಿಷ್ ಏರ್‌ವೇಸಿನ ಹೊಸ ಗಗನಸಖಿಯರಿಗೆ ಪ್ಯಾಂಟು ಹಾಕುವ ಹಕ್ಕು ಸಿಕ್ಕಿದ್ದು 2016ರಲ್ಲಿ, ಅದೂ ಜಗಳವಾಡಿ. ನಮ್ಮಲ್ಲಿ ಗಾಳಿ ಬೀಸಿದ್ದೇ ತಿರುಗುಮುರುಗು. ಏರ್ ಇಂಡಿಯಾ ಮೊದಲ ವರ್ಷಗಳ ಸ್ಕರ್ಟನ್ನು ಬಿಟ್ಟು ಸೀರೆಗೆ ಬಂತು. 2005ರಲ್ಲಿ ಹಾರತೊಡಗಿದ ಕಿಂಗ್‌ಫಿಶರ್ ಕೆಂಪು ಸ್ಕರ್ಟನ್ನೇ ತನ್ನ ಜಾಹೀರಾತು ಮಾಡಿಕೊಂಡಿತು. ವಿಮಾನ ನೆಲ ಕಂಡು ಎಷ್ಟೋ ವರ್ಷವಾಯಿತು, ಬೆಂಗಳೂರಿಗೆ ಆ ಕೆಂಪು ಇನ್ನೂ ನೆನಪಿದೆ. ಎರಡರಲ್ಲೂ ತೊಡುವವಳನ್ನು ಯಾರಾದರೂ ಕೇಳಿದ್ದರೇ ಎಂಬ ಅನುಮಾನ ನನಗೆ.

ಇರಲಿ. ಆಫೀಸಿನ ಬಾತ್‌ರೂಮಿನ ಪಾಠದ ನಂತರ ನಾನು ಸಿದ್ಧ ಉಡುಪಿನ ಸಹವಾಸ ಬಿಟ್ಟು ಶಿವಾಜಿನಗರದ ಒಬ್ಬ ಮಾಸ್ಟ್ರ ಹತ್ತಿರ ಹೋದೆ. ದಂಡಿನ ಪ್ರದೇಶದ ಆಂಗ್ಲೋ ಇಂಡಿಯನ್ ಮನೆಗಳಿಗೆ ಅವರ ತಂದೆ ಫ್ರಾಕು, ಸ್ಕರ್ಟು ಹೊಲಿಯುತ್ತಿದ್ದರಂತೆ. ಅಳತೆಯ ಟೇಪನ್ನು ನನ್ನ ಕೈಗೇ ಕೊಟ್ಟು ಮುಖ ಆಚೆ ತಿರುಗಿಸಿ 'ಹಿಪ್ ಹೇಳಿ' ಎಂದರು. ಹೇಳಿದೆ. 'ಈಗ ಕೂತ್ಕೊಂಡು ಹೇಳಿ.'

'ಕೂತ್ಕೊಂಡು ಯಾಕೆ?'

'ಆಫೀಸಲ್ಲಿ ನಿಂತ್ಕೊಂಡು ಕೆಲಸ ಮಾಡ್ತೀರಾ ಮೇಡಂ?'

ಕೂತರೆ ಅಳತೆ ಎರಡಿಂಚು ಹೆಚ್ಚಿತ್ತು. ರೆಡಿಮೇಡಿನಲ್ಲಿ ಲೆಕ್ಕಕ್ಕೆ ಸಿಗದೆ ಹೋಗುವ ಎರಡಿಂಚು ಇದು. ಸೊಂಟ ಮತ್ತು ಹಿಪ್ಪಿನ ನಡುವಿನ ವ್ಯತ್ಯಾಸವನ್ನು ಅವರು ಮುಂದೆ ಎರಡು, ಹಿಂದೆ ನಾಲ್ಕು ಟಕ್ಸ್ ಹಿಡಿದು ತೀರಿಸಿದರು. ಹಿಂದಿನವು ಉದ್ದ, ಮುಂದಿನವು ಗಿಡ್ಡ, ಏಕೆಂದರೆ ಹೊಟ್ಟೆಯ ಉಬ್ಬು ಮೇಲೆ, ಹಿಂದಿನ ಉಬ್ಬು ಕೆಳಗೆ. 'ಎಲ್ರೂ ಕೆಳಗಡೆ ಜಾಸ್ತಿ ತಿಂದುಬಿಡ್ತಾರೆ' ಎಂಬುದು ಅವರ ದೂರು. ಹಿಪ್ಪಿನಿಂದ ಇಳಿಯುತ್ತ ಒಂದೊಂದು ಪಕ್ಕಕ್ಕೆ ಒಂದು, ಹೆಚ್ಚೆಂದರೆ ಒಂದೂಕಾಲು ಇಂಚು ಒಳಗೆ ತಂದರೆ ಸಾಕು, ಕಣ್ಣಿಗೆ ಪೆನ್ಸಿಲ್ಲಿನ ಮೊನೆ ಕಾಣುತ್ತದೆ. ಅದಕ್ಕಿಂತ ತಿಂದರೆ ಸೀಳನ್ನು ಮೇಲೆ ಮೇಲೆ ಒಯ್ಯಬೇಕಾಗುತ್ತದೆ. ಒಳಗೆ ಜಾರುವ ಲೈನಿಂಗು ಕಡ್ಡಾಯ. ದಿನವಿಡೀ ಕೂತರೆ ಎಳೆತವನ್ನೆಲ್ಲ ಅದು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಅದಿಲ್ಲದ ಸ್ಕರ್ಟು ಸಂಜೆಯ ಹೊತ್ತಿಗೆ ಹಿಂದೆ ಜೋಲುಬಿದ್ದು, ಎದ್ದು ಹೋದ ಮೇಲೂ ಕುರ್ಚಿಯ ಆಕಾರವನ್ನೇ ಹೊತ್ತಿರುತ್ತದೆ.

ಬಿಗಿಯೋ ಸರಿಯೋ ತಿಳಿಯಲು ಕನ್ನಡಿ ಸಾಲದು. ಕೂತು ಏಳಿ. ಎದ್ದ ಮೇಲೆ ಸ್ಕರ್ಟನ್ನು ಕೆಳಕ್ಕೆ ಎಳೆದುಕೊಳ್ಳಬೇಕಾಗಿ ಬಂದರೆ ಹಿಪ್ಪಿನಲ್ಲಿ ಜಾಗವಿಲ್ಲ ಎಂದರ್ಥ, ಬಟ್ಟೆ ಜಾಗ ಹುಡುಕುತ್ತ ಸೊಂಟದ ಕಡೆಗೆ ಹತ್ತುತ್ತಿದೆ. ತೊಡೆಯ ಸಂದಿಯಿಂದ ಎರಡೂ ಪಕ್ಕಕ್ಕೆ ಮೀಸೆಯಂತೆ ಗೆರೆ ಎದ್ದರೂ ಅದೇ ಕತೆ. ಈಗಂತೂ ಎಲ್ಲದರಲ್ಲೂ ಹಿಗ್ಗುವ ನೂಲು. ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ಕಂಡುಹಿಡಿದ ಸ್ಪ್ಯಾಂಡೆಕ್ಸ್, ನಾವು ಲೈಕ್ರಾ ಎನ್ನುವುದು, ಪೆನ್ಸಿಲ್ ಸ್ಕರ್ಟಿನ ಹಳೆಯ ಬಿಕ್ಕಟ್ಟನ್ನು ಹೆಚ್ಚುಕಡಿಮೆ ಬಿಡಿಸಿತು. ಟೀಶರ್ಟಿನ ಬಟ್ಟೆಯ ಸ್ಕರ್ಟಿಗೆ ಎಷ್ಟೋ ಸಲ ಸೀಳೂ ಇರುವುದಿಲ್ಲ, ಜಿಪ್ಪೂ ಇರುವುದಿಲ್ಲ, ಎಳೆದರೆ ಮುಗಿಯಿತು. ಹಿತವಾಗಿದೆ, ಒಪ್ಪುತ್ತೇನೆ. ಆದರೆ ಹೊಲಿಗೆ ಮಾಡಬೇಕಾದ ಕೆಲಸವನ್ನು ಅಲ್ಲಿ ಮೈಯೇ ಮಾಡುತ್ತಿರುತ್ತದೆ, ಮಧ್ಯಾಹ್ನ ತಿಂದ ಬಿಸಿಬೇಳೆ ಭಾತಿಗೂ ಲೆಕ್ಕ ಕೊಡುತ್ತದೆ.

ಜೊತೆಗೆ ಏನು ತೊಡಬೇಕು? ಈ ಸ್ಕರ್ಟಿನ ಮಾತೆಲ್ಲ ಸೊಂಟದಲ್ಲಿ, ಸೊಂಟ ಮುಚ್ಚಿದರೆ ಮಾತು ಬಂದ್. ಕುರ್ತಾದಂತೆ ಉದ್ದ ಟಾಪನ್ನು ಮೇಲೆ ಇಳಿಬಿಟ್ಟರೆ ದಿಂಬಿನ ಗವಸಿಗೆ ಇನ್ನೊಂದು ಗವಸು ತೊಡಿಸಿದಂತೆ. ಹತ್ತಿಯ ಶರ್ಟನ್ನು ಒಳಗೆ ಸೇರಿಸಿ, ಒಂದಿಷ್ಟು ಮೇಲಕ್ಕೆಳೆದು ಸಡಿಲಬಿಡಿ. ಕೆಳಗೆ ಬಿಗಿ ಇದ್ದಾಗ ಮೇಲೆ ತುಸು ಉಸಿರಾಡುವಂತಿರಲಿ. ಉದ್ದ ಮಂಡಿಚಿಪ್ಪಿನ ಕೆಳಗೆ, ಕಾಲು ಸಣ್ಣಗಾಗುವಲ್ಲಿ ನಿಲ್ಲಬೇಕು. ಅಥವಾ ಮೀನಖಂಡ ದಾಟಿ ಇಳಿಯಬೇಕು. ಮೀನಖಂಡದ ಅತಿ ದಪ್ಪದಲ್ಲಿ ಅಂಚು ನಿಂತರೆ ಎಂಥ ಕಾಲೂ ಒನಕೆ. ಹೈ ಹೀಲ್ಸ್ ಇಲ್ಲದೆ ಆಗದು ಎಂಬ ಮಾತನ್ನು ನಾನು ನಂಬುವುದಿಲ್ಲ. ಪಾದದ ಮೇಲ್ಭಾಗ ತೆರೆದು ತೋರಿಸುವ ಯಾವ ಚಪ್ಪಟೆ ಪಾದರಕ್ಷೆಯೂ ನಡೆಯುತ್ತದೆ. ಅಥಣಿಯಲ್ಲಿ ಮಾಡಿದ ತೆಳು ಕೊಲ್ಹಾಪುರಿ ಚಪ್ಪಲಿಯನ್ನು ಕಪ್ಪು ಸ್ಕರ್ಟಿಗೆ ಹಾಕಿ ನೋಡಿ, ಆಮೇಲೆ ಮಾತಾಡೋಣ.

ಒಂದು ಕೆಟ್ಟ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಗುಳೇದಗುಡ್ಡದ ಖಣ ಕಂಡಾಗಲೆಲ್ಲ ಕುಪ್ಪಸಕ್ಕಷ್ಟೇ ಏಕೆ, ಇದರಲ್ಲೊಂದು ಪೆನ್ಸಿಲ್ ಸ್ಕರ್ಟು ಏಕಾಗಬಾರದು ಅನ್ನಿಸುತ್ತಿತ್ತು. ಬಟ್ಟೆಗೆ ಬಿರುಸಿದೆ, ಸಣ್ಣ ಸಣ್ಣ ಬುಟ್ಟಾ ದೂರದಿಂದ ಮಿನುಗುತ್ತದೆ. ಮೊದಲ ಸಲ ಲೈನಿಂಗ್ ಬೇಡವೆಂದು ಹಟಹಿಡಿದು ಹೊಲಿಸಿದೆ. ಮೂರನೆಯ ದಿನಕ್ಕೆ ಹಿಂದಿನ ಹೊಲಿಗೆಯ ಪಕ್ಕದಲ್ಲಿ ನೂಲುಗಳು ಸರಿದು ಜಾಳಾಗಿ, ಏಣಿಯಂತೆ ಬೆಳಕು ಕಾಣತೊಡಗಿತು. ಬಟ್ಟೆ ಹರಿದಿರಲಿಲ್ಲ, ಹೊಲಿಗೆಯೂ ಬಿಟ್ಟಿರಲಿಲ್ಲ. ನೇಯ್ಗೆಯೇ ಎಳೆತ ತಾಳದೆ ಪಕ್ಕಕ್ಕೆ ಸರಿದಿತ್ತು. 'ಹೇಳಿದ್ನಲ್ಲ' ಎಂದು ಮಾಸ್ಟ್ರು ಬಾಯಲ್ಲಿ ಹೇಳಲಿಲ್ಲ. ಎರಡನೆಯದಕ್ಕೆ ಒಳಗೆ ತೆಳು ಹತ್ತಿಬಟ್ಟೆಯನ್ನು ಜೋಡಿಸಿ ಹೊಲಿದರು, ಒಂದಿಂಚು ಸಡಿಲ ಬಿಟ್ಟರು, ಸೀಳಿನ ಹಿಂದೆ ಡಿಯೋರ್ ಬಗೆಯ ಪರದೆಯಿಟ್ಟರು. ಆ ಹೆಸರು ಅವರಿಗೆ ಗೊತ್ತಿಲ್ಲ. ಅಪ್ಪ ಕಲಿಸಿದ್ದು ಎಂದಷ್ಟೇ ಗೊತ್ತು.

ಪೆನ್ಸಿಲ್ ಸ್ಕರ್ಟು ನಮ್ಮ ಕಡೆ ಆಫೀಸು, ಹೋಟೆಲ್ ಕೌಂಟರು ಬಿಟ್ಟು ಹೆಚ್ಚು ಓಡಾಡಲಿಲ್ಲ ಎಂದುಕೊಂಡಿದ್ದೆ. ಕಳೆದ ವರ್ಷ ನನ್ನ ಅಕ್ಕನ ಮಗಳ ಮದುವೆಯ ಬೆಳಗ್ಗೆ ಆ ಅನಿಸಿಕೆ ಹೋಯಿತು. ಈಗಿನ ಹುಡುಗಿಯರು ಸೀರೆಯೊಳಗೆ ನೆರಿಗೆಯ ಹತ್ತಿ ಲಂಗ ಉಡುವುದಿಲ್ಲ. 'ಸಾರಿ ಶೇಪರ್' ಎಂದು ಹಿಗ್ಗುವ ಬಟ್ಟೆಯದೊಂದು ಬರುತ್ತದೆ, ಸೊಂಟದಿಂದ ಮೊಣಕಾಲಿನವರೆಗೆ ಮೈಗೆ ಕಚ್ಚಿ, ಆಮೇಲೆ ಮೀನಿನ ಬಾಲದಂತೆ ಕೊಂಚ ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಗಿಡ್ಡ ಸೀಳು. ಸೀರೆ ಬಿಚ್ಚಿ ಮಂಚದ ಮೇಲಿಟ್ಟರೆ ಅಲ್ಲಿ ನಿಂತಿರುವುದು ಸಾಕ್ಷಾತ್ ಪೆನ್ಸಿಲ್ ಸ್ಕರ್ಟು. ಆರು ಗಜದ ನೆರಿಗೆ ಕೊಟ್ಟ ಬಿಡುವನ್ನೆಲ್ಲ ಒಳಗಿನ ಒಂದು ಮೀಟರು ಕಿತ್ತುಕೊಂಡಿರುತ್ತದೆ!

ಹುಡುಗಿ ಧಾರೆ ಸೀರೆಯುಟ್ಟು ಮಂಟಪದ ಮೆಟ್ಟಿಲ ಹತ್ತಿರ ಬಂದು ನಿಂತಳು. ಮೆಟ್ಟಿಲು ಎತ್ತರ. ಕಾಲೆತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. ಪುರೋಹಿತರು ಗಡಿಯಾರ ನೋಡಿದರು. ನನಗೆ ಆ ಎತ್ತಿದ ಕಾಲು ಚೆನ್ನಾಗಿ ಗೊತ್ತಿತ್ತು. ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಮಂಡಿಯೂರಿ ಕೂತು ಸೀರೆಯ ಒಳಗಿನಿಂದ ಶೇಪರಿನ ಪಕ್ಕದ ಅಂಚು ಹುಡುಕಿದೆ. ಮೇಕಪ್ಪಿನವಳ ಕತ್ತರಿ ಕೈಗೆ ಸಿಕ್ಕಿತು.

'ಅಯ್ಯೋ ಚಿಕ್ಕಮ್ಮಾ, ಅದಕ್ಕೆ ಸಾವಿರದಿನ್ನೂರು ಕೊಟ್ಟಿದೀನಿ.'

'ಇರಲಿ ಪುಟ್ಟಿ, ಅಲ್ಲಾಡಬೇಡ' ಎಂದು ಇದ್ದ ಸೀಳನ್ನು ಇನ್ನೊಂದು ಗೇಣು ಮೇಲಕ್ಕೆ ಕತ್ತರಿಸಿದೆ. ಹೆಣೆದ ಬಟ್ಟೆ, ನೂಲು ಬಿಚ್ಚಲಿಲ್ಲ. ಅವಳು ನಿಂತಲ್ಲೇ ಒಮ್ಮೆ ಮಂಡಿ ಎತ್ತಿ ನೋಡಿಕೊಂಡಳು, ನೆರಿಗೆ ಸರಿಮಾಡಿಕೊಂಡಳು, ಓಡಿದಳು.